ಖಾಜಾ ಸಾಬರ ಚೀಟಿ

"ಯಾವುದಾದ್ರೂ ಒಂದನ್ನ ತಿದ್ದಿ ನೋಡ್ರಿ ಸರ್" ಎಂದು ನೇತ್ರಾವತಿ ಹೇಳಿದ್ದೇ ತಡ, ಹರಿಹರದ ಪಂಪು ಕಾರ್ಖಾನೆಯ ಮಾಲೀಕ ಶಿವಯೋಗಪ್ಪನವರು ಮೌಸನ್ನು ಅಂಗೈಯಲ್ಲಿ ಗಟ್ಟಿಯಾಗಿ ಹಿಡಿದು, ಪರದೆಯ ಮೇಲಿನ ಬಾಣವನ್ನು ನಾನೂರ ಹನ್ನೆರಡನೇ ಡ್ರಾಯಿಂಗಿನ ಮೇಲೆ ತಂದು ನಿಲ್ಲಿಸಿದರು. ಅದು ಇಂಪೆಲ್ಲರಿನದು, ಪಂಪಿನ ಹೊಟ್ಟೆಯೊಳಗೆ ಗಿರಗಿರ ತಿರುಗಿ ನೀರೆತ್ತುವ ಚಕ್ರದ್ದು. ರೆಕ್ಕೆಯ ದಪ್ಪ, ಮಿಲಿಮೀಟರಿನಲ್ಲಿ, ಎಂದು ಬರೆದಿದ್ದ ಕಡೆಗೆ ಹೋಗಿ, ಇದ್ದ ಅಂಕಿಯನ್ನು ಅಳಿಸಿ, ಐದು ಎಂದು ಒತ್ತಿದರು. ಕಂಪ್ಯೂಟರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಒಪ್ಪಿಕೊಂಡುಬಿಟ್ಟಿತು.

"ಭೇಷ್" ಎಂದರು ಶಿವಯೋಗಪ್ಪನವರು. "ಇನ್ಮೇಲೆ ಸಾಬ್ರ ಕಿಟಕಿ ಮುಂದೆ ಕೈಕಟ್ಟಿ ನಿಲ್ಲೋದು ತಪ್ಪಿತು ನೋಡಪ್ಪ. ಆತು, ಈಗ ಮೊದಲಿದ್ದಂಗೇ ಹಾಕಾನ. ಎಷ್ಟಿತ್ತು?"

ಸುತ್ತ ನಿಂತವರೆಲ್ಲ ಪರದೆಯ ಕಡೆಗೆ ಬಗ್ಗಿದರು.

"ಆರು ಇತ್ತು ಅನ್ಸುತ್ತೆ ಸರ್" ಎಂದ ಬಸವಕಿರಣ್. ದಾವಣಗೆರೆಯಲ್ಲಿ ಕಂಪ್ಯೂಟರ್ ಕೇಂದ್ರ ಇಟ್ಟುಕೊಂಡು, ಈ ಸಾಫ್ಟ್‌ವೇರಿನ ಕೆಲಸ ಹಿಡಿದು ನೇತ್ರಾವತಿಯ ಕೈಗೆ ಕೊಟ್ಟವನು ಅವನೇ.

"ಆರಲ್ಲ, ಆರೂವರೆ" ಎಂದ ಕರಿಬಸವರಾಜ. ಅವನು ಲೋಹ ಕಡೆಯುವ ಲೇತಿನ ಮೇಲೆ ಕೆಲಸ ಮಾಡುವವನು. ಕಂಪ್ಯೂಟರನ್ನು ನಾಳೆ ಮುಟ್ಟಬೇಕಾದವರಲ್ಲಿ ಒಬ್ಬ ಎಂದು ಅವನನ್ನೂ ಕರೆಸಿದ್ದರು.

"ಆ ಸೈಜಿಗೆ ಆರೂಕಾಲು ಇರಬೇಕಲ್ಲೋ" ಎಂದರು ಮಾಲೀಕರು.

ನೇತ್ರಾವತಿ ಕೀಲಿಮಣೆ ಎಳೆದುಕೊಂಡು ಹುಡುಕಿದಳು. ಹಳೆಯ ಅಂಕಿ ಎಲ್ಲೂ ಇರಲಿಲ್ಲ. ಹೊಸದು ಬಂದಾಗ ಹಳೆಯದರ ಮೇಲೆಯೇ ಕೂರುವ ಹಾಗೆ ಬರೆದವಳು ಅವಳೇ.

ಬಾಗಿಲಿಗೆ ಒರಗಿ ನಿಂತಿದ್ದ ಖಾಜಾ ಹುಸೇನ್ ಅಷ್ಟರಲ್ಲಿ ಕಾಣೆಯಾಗಿದ್ದರು. ಕಾರ್ಖಾನೆಯ ಡ್ರಾಯಿಂಗುಗಳೆಲ್ಲ ಇಪ್ಪತ್ತೆಂಟು ವರ್ಷದಿಂದ ಅವರ ಕೈಯಲ್ಲಿದ್ದವು. ಎರಡು ನಿಮಿಷದಲ್ಲಿ ಸುರುಳಿ ಸುತ್ತಿದ ಟ್ರೇಸಿಂಗ್ ಹಾಳೆಯೊಂದನ್ನು ಹಿಡಿದು ವಾಪಸ್ ಬಂದರು. ಮೇಜಿನ ಮೇಲೆ ಬಿಚ್ಚಿ, ನಾಲ್ಕೂ ಮೂಲೆಗೆ ಏನಾದರೊಂದು ಭಾರ ಇಟ್ಟು, ಕನ್ನಡಕ ಏರಿಸಿ ನೋಡಿದರು.

"ಆರೂವರೆ."

ಕರಿಬಸವರಾಜ ಮೀಸೆಯಲ್ಲೇ ನಕ್ಕ. ನೇತ್ರಾವತಿ ಆರೂವರೆ ಎಂದು ಒತ್ತಿದಳು. ಕಂಪ್ಯೂಟರು ಅದನ್ನೂ ಒಪ್ಪಿಕೊಂಡಿತು. ಖಾಜಾ ಹುಸೇನರು ಹಾಳೆಯನ್ನು ಮತ್ತೆ ಸುತ್ತುತ್ತ ಕೇಳಿದರು: "ಅಮ್ಮಾ, ಈಗ ಸಾವ್ಕಾರ್ರು ಐದು ಮಾಡಿದ್ರಲ್ಲ, ಅದು ಯಾರನ್ನ ಕೇಳ್ತು?"

"ಯಾರನ್ನೂ ಕೇಳಲ್ಲ ಸಾಬ್ರೆ. ಅವರು ಮಾಲೀಕ್ರಲ್ವಾ, ಅವರಿಗೆ ಎಲ್ಲಾದಕ್ಕೂ ಪರ್ಮಿಷನ್ ಐತೆ."

"ಹೌದಾ" ಎಂದು ಅವರು ಸುರುಳಿಗೆ ದಾರ ಕಟ್ಟಿಕೊಂಡು ಹೋದರು.

ಚಹಾ ಬಂತು, ಮಾತು ಬಂತು. ಇನ್ನು ಹದಿನೈದು ದಿನದಲ್ಲಿ ಪೂರ್ತಿ ಹಾಕಿಕೊಡಿ ಎಂದು ಶಿವಯೋಗಪ್ಪನವರು ಬಸವಕಿರಣನ ಬೆನ್ನು ತಟ್ಟಿದರು. ಕಂಪ್ಯೂಟರು ನೆಲೆಯಾದ ಮೇಲೆ ಡ್ರಾಯಿಂಗ್ ರೂಮನ್ನು ಖಾಲಿ ಮಾಡಿಸಿ, ಬಂದವರನ್ನು ಕೂರಿಸಲು ಸೋಫಾ ಹಾಕಿಸುವ ಮಾತನ್ನೂ ಆಡಿದರು. ಎಲ್ಲರಿಗೂ ಖುಷಿಯಾಗಿತ್ತು. ನೇತ್ರಾವತಿ ಮಾತ್ರ ಚಹಾದ ಲೋಟ ಪಕ್ಕಕ್ಕಿಟ್ಟು ನಾನೂರ ಹನ್ನೆರಡನ್ನೇ ಮತ್ತೆ ತೆರೆದಳು.

ಅದು ತೊಂಬತ್ತೆಂಟನೇ ಇಸವಿ. ನೇತ್ರಾವತಿ ಕುಕ್ಕುವಾಡದ ಹುಡುಗಿ. ದಾವಣಗೆರೆಯಲ್ಲೇ ಎಂಜಿನಿಯರಿಂಗ್ ಮುಗಿಸಿ, ನಿಟ್ಟುವಳ್ಳಿಯಲ್ಲಿ ಸೋದರತ್ತೆ ಯಲ್ಲಕ್ಕನ ಮನೆಯಲ್ಲಿದ್ದಳು. ಬಸವಕಿರಣನ ಕೇಂದ್ರ ಎಂದರೆ ಎಸ್.ಎಸ್. ಬಡಾವಣೆಯ ಒಂದು ಮನೆಯ ಮಹಡಿ, ಎರಡು ಕೋಣೆ, ಮೂರು ಕಂಪ್ಯೂಟರು. ಮಕ್ಕಳಿಗೆ ಕಲಿಸುವುದು, ಮದುವೆ ಪತ್ರಿಕೆ ಅಚ್ಚಿಗೆ ಸಿದ್ಧಮಾಡುವುದು ಬಿಟ್ಟರೆ ದೊಡ್ಡ ಕೆಲಸ ಎಂಬುದು ಅವರ ಮೆಟ್ಟಿಲು ಹತ್ತಿದ್ದು ಇದೇ ಮೊದಲು. ಶಿವಯೋಗಪ್ಪನವರು ಒಪ್ಪಿದರೆ ಹರಿಹರದಲ್ಲಿ ಇನ್ನೆರಡು ಕಾರ್ಖಾನೆಯವರು ಕರೆಯುವವರಿದ್ದರು.

ಆ ಸಾಫ್ಟ್‌ವೇರಿನ ಕಟ್ಟೋಣದ ಬಗ್ಗೆ ನೇತ್ರಾವತಿಗೆ ಒಳಗೊಳಗೇ ಹೆಮ್ಮೆ ಇತ್ತು. ಪ್ರೋಗ್ರಾಮಿನ ಭಾಷೆಯಲ್ಲಿ ಕ್ಲಾಸ್ ಎಂದರೆ ಅಚ್ಚು, ಆಬ್ಜೆಕ್ಟ್ ಎಂದರೆ ಆ ಅಚ್ಚಿನಿಂದ ತೆಗೆದ ಎರಕ. ಎರಕದ ಮನೆ ಇರುವ ಈ ಕಾರ್ಖಾನೆಯಲ್ಲಿ ಅದನ್ನು ಯಾರಿಗಾದರೂ ಒಂದೇ ಮಾತಿನಲ್ಲಿ ತಿಳಿಸಬಹುದಿತ್ತು. ಅವಳು ಕೆಲಸಗಾರ ಎಂಬ ಅಚ್ಚು ಮಾಡಿದ್ದಳು. ಅವನು ಡ್ರಾಯಿಂಗ್ ನೋಡಬಹುದು. ಅದಕ್ಕೆ ಮಗನ ಹಾಗೆ ಎಂಜಿನಿಯರ್ ಎಂಬ ಇನ್ನೊಂದು ಅಚ್ಚು. ತಂದೆಯಿಂದ ನೋಡುವ ಹಕ್ಕು ತಾನಾಗಿ ಬಂತು, ಜೊತೆಗೆ ತಿದ್ದುವ ಹಕ್ಕು. ಅದಕ್ಕೆ ಮಗನ ಹಾಗೆ ಮಾಲೀಕ. ಇಬ್ಬರದೂ ಬಂತು, ಜೊತೆಗೆ ಒಪ್ಪಿಗೆ ಹಾಕುವ ಹಕ್ಕು. ಮೇಲೆ ಹೋದ ಹಾಗೆ ಬಾಗಿಲುಗಳು ತೆರೆಯುತ್ತ ಹೋಗುತ್ತವೆ. ಹಾಳೆಯ ಮೇಲೆ ಬರೆದಾಗ ಅದು ಬಲು ಚೆಂದ ಕಂಡಿತ್ತು.

ಕೀಲು ಸಡಿಲವಾದದ್ದು ಕರಿಬಸವರಾಜನ ಹತ್ತಿರ. ಅವನು ವಾರದಲ್ಲಿ ನಾಲ್ಕು ದಿನ ಲೇತಿನಲ್ಲಿ, ಎರಡು ದಿನ ಆದ ಮಾಲಿನ ತಪಾಸಣೆಯಲ್ಲಿ. ಒಂದು ಅಚ್ಚಿನಲ್ಲಿ ಎರೆದವನನ್ನು ಇನ್ನೊಂದಕ್ಕೆ ಹಾಕಲು ಬರುವುದಿಲ್ಲವಲ್ಲ, ಅದಕ್ಕೇ ಅವಳು ಕಂಪ್ಯೂಟರಿನಲ್ಲಿ ಇಬ್ಬರು ಕರಿಬಸವರಾಜರನ್ನು ಮಾಡಿಟ್ಟಿದ್ದಳು. "ನಾನು ಇಬ್ರು ಆಗೀನಂತೆ" ಎಂದು ಅವನು ಕಾರ್ಖಾನೆ ತುಂಬ ಹೇಳಿಕೊಂಡು ಬಂದಿದ್ದ. ಅವಳು ಆಗ ನಕ್ಕು ಬಿಟ್ಟಿದ್ದಳು. ಈಗ, ಆರೂವರೆ ಕಳೆದುಹೋಗಿ ಸಿಕ್ಕ ಮೇಲೆ, ಆ ನಗುವೂ ನೆನಪಾಗಿ ಚುಚ್ಚಿತು.

ಮರುದಿನ ಅವಳು ಒಬ್ಬಳೇ ಹರಿಹರದ ಬಸ್ಸು ಹತ್ತಿದಳು. ಕಂಪ್ಯೂಟರಿನ ಕಡೆ ತಿರುಗಿಯೂ ನೋಡದೆ ನೇರ ಡ್ರಾಯಿಂಗ್ ರೂಮಿಗೆ ಹೋಗಿ, "ಸಾಬ್ರೆ, ಇವತ್ತೊಂದಿನ ಇಲ್ಲಿ ಕೂತ್ಕೊಳ್ಲಾ?" ಎಂದು ಕೇಳಿದಳು.

"ಕೂಡ್ರಿ. ಮೂಗಿಗೆ ಸೆರಗು ಹಿಡ್ಕಳ್ರಿ ಅಷ್ಟೆ" ಎಂದರು ಖಾಜಾ ಹುಸೇನ್. ಪ್ರಿಂಟ್ ತೆಗೆಯುವ ಯಂತ್ರದ ಅಮೋನಿಯ ಕಣ್ಣು ಉರಿಸುತ್ತಿತ್ತು. ಗೋಡೆಯುದ್ದಕ್ಕೂ ಮರದ ಗೂಡು, ಗೂಡಿನಲ್ಲಿ ಸುರುಳಿ, ಪ್ರತಿ ಸುರುಳಿಗೂ ದಾರದಲ್ಲಿ ನಂಬರು. ಕಿಟಕಿಗೊಂದು ಹಲಗೆ. ಬೇಕಾದವರು ಹೊರಗೆ ನಿಂತು ಕೇಳಬೇಕು.

ಮೊದಲು ಬಂದವನು ಫಿಟ್ಟರ್ ಬಂಗಾರಪ್ಪ. ಕಿಟಕಿಯಲ್ಲಿ ಚೀಟಿ ಇಟ್ಟ. ಖಾಜಾ ಹುಸೇನರು ಓದಿ, ಪ್ರಿಂಟು ಕೊಟ್ಟು, ಚೀಟಿಯನ್ನು ಮೊಳೆಗೆ ಚುಚ್ಚಿದರು. ಆಮೇಲೆ ಕರಿಬಸವರಾಜ ಬಂದ. ನಿನ್ನೆ ಅವನು ಲೇತಿನವನಾಗಿದ್ದ, ಇವತ್ತು ತಪಾಸಣೆಯವನು. ಖಾಜಾ ಹುಸೇನರು ಅವನ ಮುಖವನ್ನೇ ನೋಡಲಿಲ್ಲ. ಚೀಟಿ ನೋಡಿದರು.

"ನೂರಾ ಎಂಟು ತಪಾಸಣೆಗೆ ಕೇಳೀಯಲ್ಲೋ. ಅದನ್ನ ಕಟಿಂಗ್ ಮಾಡಿದೋನು ಯಾರು?"

"ನಾನೇ. ಮೊನ್ನೆ."

"ಹಂಗಾದ್ರೆ ನಿಂಗೆ ಕೊಡಾಕೆ ಬರಲ್ಲ, ಮಾಡಿದೋನೇ ತಪಾಸಣೆ ಮಾಡಂಗಿಲ್ಲ. ಬೇರೆಯೋರ್ನ ಕಳ್ಸು."

ಕರಿಬಸವರಾಜ ಜಗಳವಾಡದೆ ಹೊರಟುಹೋದ. ನೇತ್ರಾವತಿ ಪುಸ್ತಕ ತೆಗೆದು ಏನೋ ಬರೆದುಕೊಂಡಳು.

ಹನ್ನೊಂದರ ಹೊತ್ತಿಗೆ ಸ್ವತಃ ಶಿವಯೋಗಪ್ಪನವರು ಬಂದರು. ಅವರಿಗೆ ಅದೇ ನಾನೂರ ಹನ್ನೆರಡು ಬೇಕಿತ್ತು, ತಿದ್ದಲು. ಖಾಜಾ ಹುಸೇನರು ಎದ್ದು ನಿಂತು ನಮಸ್ಕಾರ ಮಾಡಿ, ಕೈ ಚಾಚಿದರು.

"ಚೀಟಿ?"

"ನನಗೂ ಬೇಕೇನೋ ಮಾರಾಯ?"

"ನೋಡಾಕಾದ್ರೆ ಬ್ಯಾಡ ಸಾವ್ಕಾರ್ರೆ. ತಿದ್ದಾಕೆ ಬೇಕು. ಮೈಲಾರಲಿಂಗಪ್ಪನೋರ ಸಹಿ ತಗಂಡ್ ಬರ್ರಿ."

ಮೈಲಾರಲಿಂಗಪ್ಪ ಎಂದರೆ ಡಿಸೈನ್ ನೋಡಿಕೊಳ್ಳುವವರು. ಶಿವಯೋಗಪ್ಪನವರು ನೇತ್ರಾವತಿಯ ಕಡೆ ತಿರುಗಿ, "ನೋಡಿದ್ಯಾ ತಂಗಿ, ಇದಕ್ಕೇ ನಾನು ಕಂಪ್ಯೂಟರ್ ತರಿಸಿದ್ದು" ಎಂದು ನಗುತ್ತಲೇ ಗೊಣಗುತ್ತ ಡಿಸೈನ್ ವಿಭಾಗದ ಕಡೆ ನಡೆದರು.

"ಮಾಲೀಕ್ರಿಗೇ ಇಲ್ಲ ಅಂತೀರಲ್ಲ ಸಾಬ್ರೆ" ಎಂದಳು ನೇತ್ರಾವತಿ.

ಖಾಜಾ ಹುಸೇನರು ಸ್ಟೂಲು ಎಳೆದುಕೊಂಡು ಕೂತರು. "ಎಂಬತ್ತೇಳರಾಗ ಹಿಂಗೇ ಬಂದು, ಬ್ಲೇಡಿನಾಗೆ ಅಂಕಿ ಕೆರೆದು ರೆಕ್ಕಿ ತೆಳ್ಳಗ ಮಾಡಿದ್ರು. ಲೋಹ ಉಳೀತೈತೆ ಅಂತ. ಎಂಬತ್ತು ಎರಕ ಹೊಯ್ದ್ವಿ. ಪಂಪ್ ಓಡ್ಸಿದ್ ಕೂಡ್ಲೆ ಒಂದೊಂದೇ ಮುರಿದ್ವು. ಬೈಯಾಕೆ ಅಂತ ಎಲ್ಲಾರ್ನೂ ಸೇರ್ಸಿದ್ರು. ಸೇರ್ಸಿ, ತಾವೇ ಕೆರೆದಿದ್ದು ಅಂತ ಒಪ್ಕಂಡ್ರು. ಇನ್ಮೇಲೆ ನಾನು ಕೇಳಿದ್ರೂ ಕೊಡಬ್ಯಾಡ ಅಂತ ರಿಜಿಸ್ಟರಿನ ಮೊದಲನೇ ಹಾಳಿ ಮ್ಯಾಲೆ ಬರದು ಸಹಿ ಹಾಕಿದೋರು ಅವರೇ."

"ಮರೆತಾರೇನು?"

"ಹನ್ನೊಂದು ವರ್ಷ ಆತು. ಮರೆತಿರಬಹುದು. ನೆನಪಿಡೋದು ನನ್ನ ಕೆಲಸ." ಅವರು ಮೊಳೆಯ ಮೇಲಿನ ಚೀಟಿಗಳ ಕಟ್ಟನ್ನು ಬೆರಳಿನಿಂದ ಸರಿಮಾಡಿದರು. "ಇಲ್ಲಿ ಮುಖ ನೋಡಿ ಕೊಡಂಗಿಲ್ಲಮ್ಮ. ಇವತ್ತು ಲೇತ್‌ನಾಗಿರೋನು ನಾಳೆ ತಪಾಸಣೆಗೆ ಹೋಗ್ತಾನೆ. ನಾಡಿದ್ದು ಮೇಸ್ತ್ರಿ ಆಗ್ತಾನೆ. ಮನುಷ್ಯಾನ ಮ್ಯಾಲೆ ಬರ್ಕಂತ ಕುಂತ್ರೆ ಮುಗಿಯಂಗಿಲ್ಲ. ಚೀಟಿ ಮ್ಯಾಲೆ ಬರೀಬೇಕು. ಯಾರಿಗೆ, ಯಾವ ನಂಬರು, ಯಾತಕ್ಕೆ, ಎಲ್ಲಿತನ. ಕೆಲಸ ಆತು, ಚೀಟಿ ಮೊಳಿಗೆ."

ನೇತ್ರಾವತಿ ಬರೆಯುವುದನ್ನು ನಿಲ್ಲಿಸಿದಳು.

ವಾಪಸ್ ಬರುವ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತೇ ಅವಳು ತಲೆಯೊಳಗೆ ತನ್ನ ವಂಶವೃಕ್ಷವನ್ನು ಕೊಂಬೆ ಕೊಂಬೆಯಾಗಿ ಕಡಿದು ಹಾಕಿದಳು. ಕೆಲಸಗಾರ, ಎಂಜಿನಿಯರ್, ಮಾಲೀಕ ಎಂಬ ಮೂರು ಅಚ್ಚು ಬೇಡ. ಮನುಷ್ಯ ಎಂಬ ಒಂದೇ ಅಚ್ಚು ಸಾಕು. ಅವನಿಗೆ ಹೆಸರು ಬಿಟ್ಟರೆ ಏನೂ ಇಲ್ಲ. ಅನುಮತಿ ಅವನ ಗುಣವಲ್ಲ. ಅದೇ ಬೇರೊಂದು ವಸ್ತು. ಅದಕ್ಕೇ ಒಂದು ಅಚ್ಚು ಬೇಕು. ಒಂದು ಕಡೆ ಮನುಷ್ಯ, ಒಂದು ಕಡೆ ಡ್ರಾಯಿಂಗು, ನಡುವೆ ಚೀಟಿ. ಅದಕ್ಕೊಂದು ಹುಟ್ಟು, ಒಂದು ಅವಧಿ, ಒಂದು ಸಹಿ. ಇಬ್ಬರು ಕರಿಬಸವರಾಜರೂ ಒಬ್ಬನಾಗುತ್ತಾರೆ. ಅವಳು ತನಗೆ ತಾನೇ ನಗುತ್ತಿದ್ದುದನ್ನು ನೋಡಿ ಪಕ್ಕದ ಸೀಟಿನ ಮುದುಕಿ ತಾನೂ ಸುಮ್ಮನೆ ನಕ್ಕಿತು. ಮನೆಗೆ ಬಂದವಳೇ ಯಲ್ಲಕ್ಕನ ಮುಂದೆ ಎಲ್ಲ ಒದರಿದಳು. ಯಲ್ಲಕ್ಕ ರೊಟ್ಟಿ ತಟ್ಟುತ್ತ ಕೇಳಿ, "ಅಷ್ಟು ದೊಡ್ಡ ಕಾಲೇಜಿಗೆ ಹೋಗಿ ಬಂದು ಸಾಬ್ರ ಹತ್ರ ಕಲಿತಿಯೇನು? ಛಲೋ ಆತು, ಮೊದ್ಲು ಕೈ ತೊಳಕಂಡು ಬಾ" ಎಂದಳು.

ಮರುದಿನ ಕೇಂದ್ರದಲ್ಲಿ ಇದನ್ನು ಕೇಳಿದ ಬಸವಕಿರಣ್ ಮಾತ್ರ ತಲೆ ಹಿಡಿದುಕೊಂಡ.

"ನೇತ್ರಾ, ಅವರು ಒಪ್ಪ್ಯಾರೆ. ಒಪ್ಪಿದ್ದನ್ನ ಯಾಕ ಕೆದಕ್ತೀಯ?"

"ಅವರು ಒಪ್ಪಿದ್ದು ತಪ್ಪು ಸರ್. ನಾವು ಮಾಡಿದ್ದೂ ತಪ್ಪು."

"ಕಿಟಕಿ ಮುಂದೆ ನಿಲ್ಲೋದು ತಪ್ಪುತ್ತೆ ಅಂತಾನೇ ತರಿಸ್ಕೊಂಡಿದಾರೆ. ನೀನು ಹೋಗಿ ಅವರಿಗೇ ಬೀಗ ಹಾಕ್ತೀನಿ ಅಂದ್ರೆ? ಉಳಿದ ಎರಡು ಕಾರ್ಖಾನೆನೂ ಕೈಬಿಟ್ಟು ಹೋಗ್ತವೆ."

"ಇನ್ನೊಂದ್ಸಲ ಅಂಕಿ ಕಳೆದುಹೋದ್ರೆ ಆಗಲೂ ಕೈಬಿಟ್ಟು ಹೋಗ್ತವೆ ಸರ್. ಹನ್ನೆರಡು ದಿನ ಕೊಡ್ರಿ. ಮಾಲೀಕ್ರಿಗೆ ನಾನೇ ಹೇಳ್ತೀನಿ."

ಬಸವಕಿರಣ್ ಮಾತಿಗಿಂತ ಹೆಚ್ಚಾಗಿ ಅವಳ ಮುಖ ನೋಡಿ ಒಪ್ಪಿದ. ಹನ್ನೆರಡು ದಿನ ಅವಳು ಎದ್ದದ್ದು ಕೂತದ್ದು ಎಲ್ಲ ಆ ಪರದೆಯ ಮುಂದೆಯೇ. ಕರೆಂಟು ಹೋದಾಗ ಹಾಳೆಯ ಮೇಲೆ ಬರೆದಳು, ಬಂದಾಗ ಒತ್ತಿದಳು. ತಿದ್ದಿದ ಪ್ರತಿಯೊಂದು ಅಂಕಿಯ ಹಿಂದೆ ಹಳೆಯದೂ, ತಿದ್ದಿದವರ ಹೆಸರೂ, ತಾರೀಕೂ ಉಳಿಯುವ ಹಾಗೆ ಮಾಡಿದಳು.

ಮತ್ತೆ ಅದೇ ಕೋಣೆ, ಅದೇ ಜನ. ಈ ಸಲ ಮೈಲಾರಲಿಂಗಪ್ಪನವರೂ ಇದ್ದರು. ಶಿವಯೋಗಪ್ಪನವರು ಉತ್ಸಾಹದಿಂದ ನಾನೂರ ಹನ್ನೆರಡನ್ನು ತೆರೆದು, ರೆಕ್ಕೆಯ ದಪ್ಪದ ಮೇಲೆ ಐದು ಒತ್ತಿದರು. ಪರದೆಯ ಮೇಲೆ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ ಮೂಡಿತು: ಚೀಟಿ ಇಲ್ಲ.

ಅವರು ಮತ್ತೊಮ್ಮೆ ಒತ್ತಿದರು. ಚೀಟಿ ಇಲ್ಲ. ಬಸವಕಿರಣ್ ಕಿಟಕಿಯ ಹೊರಗೆ ನೋಡತೊಡಗಿದ.

"ಕಾರ್ಖಾನಿ ಯಾರದಮ್ಮ?" ಎಂದರು ಶಿವಯೋಗಪ್ಪನವರು, ದನಿ ಏರಿಸದೆ.

"ನಿಮ್ದೇ ಸರ್." ನೇತ್ರಾವತಿ ಪರದೆಯ ಕಡೆ ಬೆರಳು ತೋರಿಸಿದಳು. "ನೋಡಾಕೆ ಎಲ್ಲಾ ತೆರೀತೈತೆ. ತಿದ್ದಾಕೆ ಮಾತ್ರ ಚೀಟಿ ಬೇಕು. ಚೀಟಿ ಖಾಜಾ ಸಾಬ್ರು ಬರೀತಾರೆ, ಮೈಲಾರಲಿಂಗಪ್ಪ ಸರ್ ಸಹಿ ಹಾಕ್ತಾರೆ. ಅವರಿಗೇ ತಿದ್ದೋದಿದ್ರೆ ನೀವು ಹಾಕ್ತೀರಿ. ಕೇಳಿದೋರು ತಮ್ಮ ಚೀಟಿಗೆ ತಾವೇ ಸಹಿ ಹಾಕಂಗಿಲ್ಲ. ಎಲ್ಲಾರಿಗೂ ಒಂದೇ."

ಬಾಗಿಲ ಬಳಿಯಿಂದ ಖಾಜಾ ಹುಸೇನರು ಮೆಲ್ಲಗೆ, "ಎಂಬತ್ತೇಳು" ಎಂದರು.

ಶಿವಯೋಗಪ್ಪನವರು ತಿರುಗಿ ನೋಡಿದರು. ಆಮೇಲೆ ಅವರ ಹುಬ್ಬಿನ ಗಂಟು ತಾನಾಗಿ ಸಡಿಲಿತು.

"ಅದನ್ನ ಈ ಹುಡುಗಿಗೂ ಹೇಳೀಯೇನೋ?"

"ಕೇಳಿದ್ಲು. ಹೇಳ್ದೆ."

"ಆತು" ಎಂದು ಅವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ಹಂಗಾದ್ರೆ ನೋಡೇಬಿಡಾನ, ಎಷ್ಟು ಗಟ್ಟಿ ಐತೆ ನಿನ್ನ ಬೀಗ."

ಅಲ್ಲಿಂದ ಮುಂದೆ ಅದೊಂದು ಆಟವೇ ಆಯಿತು. ಅವರು ತಮ್ಮ ಹೆಸರಿಗೆ ಚೀಟಿ ಬರೆಸಿಕೊಂಡು ಸಹಿಯನ್ನೂ ತಾವೇ ಹಾಕಿ ನೋಡಿದರು. ಕೇಳಿದವರ ಸಹಿ ಬರುವುದಿಲ್ಲ ಎಂದಿತು. ಕರಿಬಸವರಾಜನ ಹೆಸರಿನಲ್ಲಿ ತಪಾಸಣೆಯ ಚೀಟಿ ತೆಗೆಸಿ ಅದರಿಂದ ತಿದ್ದಲು ಹೋದರು. ಇದು ನೋಡುವ ಚೀಟಿ ಎಂದಿತು. ಪರೀಕ್ಷೆಗೆಂದು ಮಾಡಿಟ್ಟಿದ್ದ, ನಿನ್ನೆಗೆ ಅವಧಿ ಮುಗಿದ ಚೀಟಿ ಹಾಕಿದರು; ಮೊಳೆಗೆ ಹೋಗಿದೆ ಎಂದಿತು. ಆ ಮಾತು ಓದಿ ಖಾಜಾ ಹುಸೇನರು ಕೆಮ್ಮಿದರು. ತಂದಿಟ್ಟ ಚಹಾ ಆರಿ ಕೆನೆ ಕಟ್ಟಿತು. ಮಾಲೀಕರು ಸೋತಷ್ಟೂ ಹುರುಪಾಗುತ್ತಿದ್ದರು. ಬಸವಕಿರಣ್ ಕಿಟಕಿಯಿಂದ ವಾಪಸ್ ಬಂದು ಅವರ ಹೆಗಲ ಮೇಲಿಂದ ಇಣುಕತೊಡಗಿದ್ದ.

ಕೊನೆಗೆ ಅವರು ಕೈಬಿಟ್ಟು ಹಿಂದಕ್ಕೆ ಒರಗಿದರು. ಒರಗಿದವರು ಏನೋ ಯೋಚನೆ ಮಾಡಿ ಕೇಳಿದರು: "ತಂಗಿ, ನಿನ್ನ ಹೆಸರು ಹಾಕಿದ್ರೆ?"

ಬರೆಯುವಾಗ, ಪರೀಕ್ಷಿಸುವಾಗ, ಪ್ರತಿ ಸಲವೂ ಚೀಟಿಗಾಗಿ ಯಾರು ಕಾಯುತ್ತಾರೆ ಎಂದು ನೇತ್ರಾವತಿ ತನ್ನ ಹೆಸರಿಗೆ ಮಾತ್ರ ಎಲ್ಲ ಬಾಗಿಲೂ ತೆರೆದುಕೊಳ್ಳುವ ಹಾಗೆ ಇಟ್ಟುಕೊಂಡಿದ್ದಳು. ತೆಗೆಯಬೇಕೆಂಬುದು ತಲೆಗೇ ಹೊಳೆದಿರಲಿಲ್ಲ. ಸುಳ್ಳು ಹೇಳಿದ್ದರೆ ಆ ಕೋಣೆಯಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ನನ್ನ ಹೆಸರಿಗೆ ಎಲ್ಲಾ ತೆರೀತೈತೆ ಸರ್" ಎಂದಳು. "ಚೀಟಿ ಕೇಳಂಗಿಲ್ಲ."

ಎಲ್ಲರಿಗಿಂತ ಮೊದಲು ನಕ್ಕವರು ಖಾಜಾ ಹುಸೇನ್. ಆ ಕಾರ್ಖಾನೆಯಲ್ಲಿ ಅವರು ಹಾಗೆ ಗಟ್ಟಿಯಾಗಿ ನಕ್ಕಿದ್ದನ್ನು ಕೇಳಿದವರು ಕಡಿಮೆ. ಅವರ ಹಿಂದೆ ಕರಿಬಸವರಾಜ, ಮೈಲಾರಲಿಂಗಪ್ಪ, ಕಡೆಗೆ ಮೇಜು ಬಡಿಯುತ್ತ ಶಿವಯೋಗಪ್ಪನವರು. ನೇತ್ರಾವತಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಕೀಲಿಮಣೆ ಎಳೆದುಕೊಂಡು ತನ್ನ ಹೆಸರನ್ನು ಆ ಪಟ್ಟಿಯಿಂದ ತೆಗೆಯಲು ಹೋದಳು.

"ತಡಿ, ತಡಿ" ಎಂದರು ಮಾಲೀಕರು. "ನೀನು ತೆಗೆದ ಮೇಲೆ ಹೊಸಬರ ಹೆಸರು ಸೇರ್ಸೋರು ಯಾರು? ಚೀಟಿ ಬರೆಯೋ ಅಧಿಕಾರ ಕೊಡೋರು ಯಾರು? ಅದೂ ಒಬ್ಬರ ಕೈಯಾಗಿರಬಾರ್ದಲ್ಲ. ಬ್ಯಾಂಕ್ ಲಾಕರ್ ಇರತೈತಲ್ಲ, ಎರಡು ಕೀಲಿದು, ಹಂಗ ಮಾಡಾಕ ಬರತೈತೇನು? ಒಂದು ನಂದು, ಒಂದು ಸಾಬ್ರದು."

"ಬರ್ತೈತೆ ಸರ್" ಎಂದಳು ನೇತ್ರಾವತಿ. ಆ ಉಪಾಯ ತನಗೆ ಹೊಳೆಯಬೇಕಿತ್ತು ಎಂದು ಅವಳಿಗೆ ಅನ್ನಿಸಿತು. ಆದರೆ ಹೊಟ್ಟೆಕಿಚ್ಚೇನೂ ಆಗಲಿಲ್ಲ.

"ಮತ್ತೆ ಸೋಫಾ ಸರ್?" ಎಂದ ಬಸವಕಿರಣ್, ಕೇಳಬಾರದಿತ್ತೇನೋ ಎನ್ನುವಂತೆ.

"ಯಾವ ಸೋಫಾ?" ಎಂದರು ಶಿವಯೋಗಪ್ಪನವರು. "ಆ ಕಂಪ್ಯೂಟರನ್ನ ಸಾಬ್ರ ರೂಮಿಗೆ ಒಯ್ದು ಇಡ್ರಿ. ಅದನ್ನ ಕಾಯೋರು ಅಲ್ಲೇ ಅದಾರೆ."

ಮುಂದಿನ ವಾರದಲ್ಲಿ ಆ ಇನ್ನೆರಡು ಕಾರ್ಖಾನೆಯವರಲ್ಲಿ ಒಬ್ಬರು ಬಂದು ನೋಡಿಕೊಂಡು ಹೋದರು. ಇನ್ನೊಬ್ಬರು ಬರಲೇ ಇಲ್ಲ. ಮಾಲೀಕನಿಗೇ ಬೀಗ ಹಾಕುವ ಯಂತ್ರ ನಮಗೆ ಬೇಡ ಎಂದು ಹೇಳಿ ಕಳಿಸಿದರಂತೆ. ಬಸವಕಿರಣ್ ಅದನ್ನು ಹೇಳಿದಾಗ ಬೇಸರಕ್ಕಿಂತ ಹೆಚ್ಚಾಗಿ ನಗುತ್ತಿದ್ದ.

ತಿಂಗಳ ಕೊನೆಗೆ ಒಂದು ಚಿಕ್ಕ ದೋಷ ಸರಿಮಾಡಬೇಕಾಗಿ ಬಂದು ನೇತ್ರಾವತಿ ಮತ್ತೆ ಹರಿಹರಕ್ಕೆ ಹೋದಳು. ಡ್ರಾಯಿಂಗ್ ರೂಮಿನ ಗೂಡುಗಳ ಕೆಳಗೆ ಹಳೆಯ ಮೇಜಿನ ಮೇಲೆ ಕಂಪ್ಯೂಟರು ಕೂತಿತ್ತು. ಅದರ ಮುಂದೆ ಖಾಜಾ ಹುಸೇನ್, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು. ಅವಳು ಒಳಗೆ ಹೋಗಲಿಲ್ಲ, ಕಿಟಕಿಯ ಮುಂದೆ ನಿಂತಳು.

"ಯಾತಕ್ಕೆ?" ಎಂದರು ಅವರು.

"ತಿದ್ದಾಕೆ ಸಾಬ್ರೆ. ನಂದೇ ಒಂದು ತಪ್ಪು ಐತೆ."

"ಎಲ್ಲಿತನ?"

"ಸಂಜೆ ಐದರತನ ಸಾಕು."

ಅವರು ಅಮೋನಿಯ ತಾಗಿ ಒರಟಾದ ಬೆರಳಿನಿಂದ ಅವಳ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಹುಡುಕಿ ಒತ್ತಿದರು. ಇಂಗ್ಲಿಷಿನ 'ವಿ' ಎಲ್ಲಿದೆ ಎಂದು ಅವಳು ಹೇಳಲಿಲ್ಲ. ಅವರಿಗೇ ಸಿಕ್ಕಿತು.

"ಮೈಲಾರಲಿಂಗಪ್ಪನೋರು ಊಟಕ್ಕೆ ಹೋಗ್ಯಾರೆ. ಬಂದ್ ಕೂಡ್ಲೆ ಸಹಿ ಆಗತೈತೆ. ಕೂಡ್ರಿ."

ಹೊರಗಿನ ಬೆಂಚಿನ ಮೇಲೆ ಕರಿಬಸವರಾಜ ಮೊದಲೇ ಕೂತಿದ್ದ. ಸರಿದು ಜಾಗ ಬಿಟ್ಟು, ಕಾಗದದ ಪೊಟ್ಟಣದಲ್ಲಿದ್ದ ಹುರಿದ ಶೇಂಗಾವನ್ನು ಇಬ್ಬರ ನಡುವೆ ಇಟ್ಟ. ನೇತ್ರಾವತಿ ಒಂದೊಂದೇ ಸುಲಿಯುತ್ತ ಕೂತಳು. ಹೊಳೆಯ ಕಡೆಯಿಂದ ಬಂದ ಗಾಳಿಗೆ, ದಾರದ ಮೇಲೆ ನೇತುಹಾಕಿದ್ದ ಹೊಸ ಪ್ರಿಂಟುಗಳು ಸಾಲಾಗಿ ಮೇಲೆದ್ದು ಮತ್ತೆ ಇಳಿದವು.